ರಿಪ್ ಮಾಡಿದ ಸಂಗೀತ ಸಂಗ್ರಹವನ್ನು ಲೈಬ್ರರಿ ತಂತ್ರಾಂಶದಲ್ಲಿ ಜೋಡಿಸುವುದು: ಕಲಬುರಗಿ, ಬೀದರ್, ಯಾದಗಿರಿ ಭಾಗದ ಸಂಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾಗದ ಮನೆಗಳಲ್ಲಿರುವ ಸಂಗೀತ ಸಂಗ್ರಹ ಒಂದೇ ಬಗೆಯದಾಗಿರುವುದು ಅಪರೂಪ. ವಚನ ಗಾಯನದ ಸಿ.ಡಿ.ಗಳ ಪಕ್ಕದಲ್ಲಿ ಹಿಂದೂಸ್ತಾನಿ ಬೈಠಕ್‌ಗಳ ಕ್ಯಾಸೆಟ್‌ಗಳು, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಭಜನೆ, ಖ್ವಾಜಾ ಬಂದಾನವಾಜ್ ದರ್ಗಾದ ಉರುಸಿನ ಕವ್ವಾಲಿ, ಮೊಹರಂನ ರಿವಾಯತ್ ಪದ, ಮರಾಠಿ ಅಭಂಗ, ತೆಲುಗು ಸಿನಿಮಾ ಹಾಡು ಎಲ್ಲವೂ ಸೇರಿರುತ್ತವೆ. ಸಿ.ಡಿ.ಗಳನ್ನು ರಿಪ್ ಮಾಡಿದ, ಅಂದರೆ ಗಣಕಯಂತ್ರದ ಫೈಲುಗಳಾಗಿ ತಂದ ಮೇಲೆ ಅವನ್ನು ಜೋಡಿಸಿಡುವ ಲೈಬ್ರರಿ ತಂತ್ರಾಂಶಗಳನ್ನು ಬರೆದವರು ಇಂತಹ ಸಂಗ್ರಹವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರಲ್ಲ. ಒಬ್ಬ ಗಾಯಕ, ಒಂದು ಆಲ್ಬಮ್, ಹತ್ತು ಹಾಡು ಎಂಬ ಚೌಕಟ್ಟು ಅವರದು. ಆ ಚೌಕಟ್ಟಿನೊಳಗೆ ನಮ್ಮ ಸಂಗೀತವನ್ನು ಅದರ ಹೆಸರು, ಕರ್ತೃ, ಸಂದರ್ಭಗಳು ಅಳಿಯದಂತೆ ಕೂರಿಸುವುದು ಹೇಗೆ ಎಂಬುದನ್ನು ಕುರಿತು ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಹಾಡುಗಳನ್ನು ಫೋಲ್ಡರ್‌ಗಳಲ್ಲಿ ಚೆನ್ನಾಗಿಯೇ ಇಟ್ಟುಕೊಂಡಿದ್ದೇನೆ. ಲೈಬ್ರರಿ ತಂತ್ರಾಂಶ ಯಾಕೆ ಬೇಕು?

ಫೋಲ್ಡರ್‌ನಲ್ಲಿ ಒಂದು ಹಾಡು ಒಂದೇ ಕಡೆ ಇರಬಲ್ಲದು. ಮಲ್ಲಿಕಾರ್ಜುನ ಮನಸೂರರು ಹಾಡಿದ ಅಕ್ಕಮಹಾದೇವಿಯ ವಚನವನ್ನು ಮನಸೂರರ ಫೋಲ್ಡರ್‌ನಲ್ಲಿಟ್ಟರೆ ಅಕ್ಕನ ವಚನಗಳನ್ನು ಹುಡುಕುವಾಗ ಅದು ಸಿಗುವುದಿಲ್ಲ. ಅಕ್ಕನ ಫೋಲ್ಡರ್‌ನಲ್ಲಿಟ್ಟರೆ ಮನಸೂರರ ಗಾಯನವನ್ನು ಒಟ್ಟಾಗಿ ಕೇಳಲಾಗುವುದಿಲ್ಲ. ಲೈಬ್ರರಿ ತಂತ್ರಾಂಶವು ಪ್ರತಿ ಫೈಲಿನೊಳಗೆ ಬರೆದಿರುವ ಟ್ಯಾಗ್‌ಗಳನ್ನು, ಅಂದರೆ ಹಾಡಿನ ಹೆಸರು, ಗಾಯಕರು, ರಚನೆ, ವರ್ಷ, ಪ್ರಕಾರ ಮುಂತಾದ ವಿವರಗಳನ್ನು ಓದಿ, ಅದೇ ಹಾಡನ್ನು ಹಲವು ದಾರಿಗಳಿಂದ ತಲುಪುವಂತೆ ಮಾಡುತ್ತದೆ.

ಇಲ್ಲಿ ಒಂದು ಮಾತನ್ನು ಆರಂಭದಲ್ಲಿಯೇ ಗಟ್ಟಿಯಾಗಿ ಹೇಳಬೇಕು. ವಿವರಗಳು ಫೈಲಿನ ಒಳಗೇ ಇರಬೇಕು, ತಂತ್ರಾಂಶದ ದತ್ತಸಂಚಯದಲ್ಲಿ (ಡೇಟಾಬೇಸ್) ಮಾತ್ರ ಇರಬಾರದು. ಕೆಲವು ತಂತ್ರಾಂಶಗಳು ನಾವು ಮಾಡಿದ ತಿದ್ದುಪಡಿಯನ್ನು, ರೇಟಿಂಗ್ ಅನ್ನು, ಪ್ಲೇಲಿಸ್ಟ್ ಅನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತವೆ. ಗಣಕಯಂತ್ರ ಬದಲಾದ ದಿನ ಅವೆಲ್ಲ ಹೋಗುತ್ತವೆ. ತಂತ್ರಾಂಶಗಳು ಬಂದು ಹೋಗುತ್ತವೆ, ಫೈಲಿನಲ್ಲಿ ಬರೆದ ಟ್ಯಾಗ್ ಫೈಲಿನ ಜೊತೆಗೇ ಸಾಗುತ್ತದೆ. ಮುಂದಿನ ಎಲ್ಲ ಉತ್ತರಗಳೂ ಈ ಒಂದು ನಿಲುವಿನ ಮೇಲೆ ನಿಂತಿವೆ.

ಹಾಗಾದರೆ ಯಾವ ತಂತ್ರಾಂಶವನ್ನು ಬಳಸಬೇಕು?

ಎರಡು ಕೆಲಸಗಳಿಗೆ ಎರಡು ತಂತ್ರಾಂಶಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಟ್ಯಾಗ್ ಬರೆಯುವುದಕ್ಕೆ ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್, ಲಿನಕ್ಸ್‌ನಲ್ಲಿ ಕಿಡ್3 ಸಾಕು. ಇವೆರಡೂ ಕನ್ನಡ ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ನಿರ್ವಹಿಸುತ್ತವೆ. ಕೇಳುವುದಕ್ಕೆ ಮತ್ತು ಹುಡುಕುವುದಕ್ಕೆ ವಿಂಡೋಸ್‌ನಲ್ಲಿ ಮ್ಯೂಸಿಕ್‌ಬೀ ಅಥವಾ ಫೂಬಾರ್2000, ಲಿನಕ್ಸ್‌ನಲ್ಲಿ ಸ್ಟ್ರಾಬೆರಿ ಬಳಸಬಹುದು. ಮನೆಯ ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ಕೇಳಬೇಕೆಂದಿದ್ದರೆ ನ್ಯಾವಿಡ್ರೋಮ್ ಅಥವಾ ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶಗಳಿವೆ. ಆಯ್ಕೆ ಮಾಡುವಾಗ ಒಂದೇ ಪರೀಕ್ಷೆ ಸಾಕು: ಗೀತರಚನಕಾರ, ರಾಗ ಮುಂತಾದ ನಾವೇ ಸೇರಿಸಿದ ವಿವರವನ್ನು ಅದು ಕಾಲಂ ಆಗಿ ತೋರಿಸಬಲ್ಲದೇ? ತೋರಿಸದಿದ್ದರೆ ಅದು ಎಷ್ಟೇ ಚೆಂದ ಕಂಡರೂ ನಮ್ಮ ಸಂಗ್ರಹಕ್ಕೆ ಸಾಲದು.

ಸಿ.ಡಿ.ಗಳನ್ನು ಯಾವ ನಮೂನೆಯಲ್ಲಿ ರಿಪ್ ಮಾಡಬೇಕು? ಎಂಪಿ3 ಸಾಕಲ್ಲವೇ?

ಸಂಗ್ರಹಕ್ಕೆ ಫ್ಲ್ಯಾಕ್, ಸುತ್ತಾಟಕ್ಕೆ ಎಂಪಿ3. ಆಡಿಯೋ ಸಿ.ಡಿ.ಯಲ್ಲಿ ಧ್ವನಿಯು ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ನಲ್ಲಿ, ಎರಡು ಚಾನೆಲ್‌ಗಳಲ್ಲಿ ಇರುತ್ತದೆ. ಒಂದು ಗಂಟೆಯ ಸಂಗೀತ ಸುಮಾರು 635 ಎಂಬಿ ಆಗುತ್ತದೆ. ಫ್ಲ್ಯಾಕ್ ಅದನ್ನು ಏನನ್ನೂ ಕಳೆಯದೆ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಕುಗ್ಗಿಸುತ್ತದೆ. 320 ಕೆಬಿಪಿಎಸ್ ಎಂಪಿ3 ಗಂಟೆಗೆ 144 ಎಂಬಿ ತೆಗೆದುಕೊಳ್ಳುತ್ತದೆ, ಆದರೆ ಕಳೆದ ಭಾಗವನ್ನು ಮತ್ತೆ ಪಡೆಯಲಾಗದು. ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಫ್ಲ್ಯಾಕ್ ನಮೂನೆಯಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಸಿ.ಡಿ.ಗಳು ಹಿಡಿಸುವಾಗ, ಜಾಗ ಉಳಿಸಲು ಎಂಪಿ3 ಮಾಡುವುದಕ್ಕೆ ಇಂದು ಕಾರಣವಿಲ್ಲ.

ಫ್ಲ್ಯಾಕ್‌ನ ಇನ್ನೂ ಎರಡು ಗುಣಗಳು ನಮಗೆ ಮುಖ್ಯ. ಅದರ ಟ್ಯಾಗ್‌ಗಳು ಯಾವಾಗಲೂ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿರುವುದರಿಂದ ಕನ್ನಡ, ಉರ್ದು, ಮರಾಠಿ ಯಾವುದೂ ಕೆಡುವುದಿಲ್ಲ. ಜೊತೆಗೆ, ಮೂಲ ಧ್ವನಿಯ ಎಂಡಿ5 ಮೊತ್ತ, ಅಂದರೆ ಅದರ ಬೆರಳಗುರುತಿನಂತಹ ಒಂದು ಸಂಖ್ಯೆ, ಫೈಲಿನೊಳಗೇ ಇರುವುದರಿಂದ, ವರ್ಷಗಳ ನಂತರವೂ ಫೈಲ್ ಹಾಳಾಗಿಲ್ಲವೆಂದು ಪರೀಕ್ಷಿಸಬಹುದು. ಟ್ಯಾಗ್ ಎಷ್ಟು ಸಲ ತಿದ್ದಿದರೂ ಆ ಮೊತ್ತ ಬದಲಾಗುವುದಿಲ್ಲ. ವೇವ್ ನಮೂನೆಯಲ್ಲಿ ಮಾತ್ರ ಸಂಗ್ರಹ ಇಡಬೇಡಿರಿ. ಅದರಲ್ಲಿ ಬರೆದ ಟ್ಯಾಗ್‌ಗಳನ್ನು ಒಂದು ತಂತ್ರಾಂಶ ಓದಿದರೆ ಇನ್ನೊಂದು ಓದುವುದಿಲ್ಲ.

ಹಳೆಯ ಎಂಪಿ3ಗಳನ್ನು ಫ್ಲ್ಯಾಕ್‌ಗೆ ಬದಲಾಯಿಸಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಇಲ್ಲ. ಗಾತ್ರ ಮಾತ್ರ ಹೆಚ್ಚುತ್ತದೆ. ಎಂಪಿ3 ಆಗಿಯೇ ಬಂದದ್ದನ್ನು ಎಂಪಿ3 ಆಗಿಯೇ ಇಡಿರಿ. ಅದು ಮೂಲದಿಂದ ರಿಪ್ ಮಾಡಿದ್ದೆಂದು ಮುಂದಿನವರು ನಂಬಿ ಮೋಸಹೋಗುವುದಕ್ಕೆ ಅವಕಾಶ ಕೊಡಬಾರದು.

ಗೀಚು ಬಿದ್ದ ಸಿ.ಡಿ.ಗಳನ್ನು ಏನು ಮಾಡಬೇಕು?

ಸಾಮಾನ್ಯ ಪ್ಲೇಯರ್ ತಂತ್ರಾಂಶಗಳು ಓದಲಾಗದ ಭಾಗವನ್ನು ಊಹಿಸಿ ತುಂಬಿ ಮುಂದೆ ಸಾಗುತ್ತವೆ, ತಪ್ಪಾದುದನ್ನು ಹೇಳುವುದೂ ಇಲ್ಲ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿಯನ್ನು ಅದರ ಸುರಕ್ಷಿತ ವಿಧಾನದಲ್ಲಿ ಬಳಸಿದರೆ ಅದು ಒಂದೇ ಭಾಗವನ್ನು ಮತ್ತೆ ಮತ್ತೆ ಓದಿ ಹೋಲಿಸುತ್ತದೆ, ಅಕ್ಯುರೇಟ್‌ರಿಪ್ ದಾಖಲೆಯಲ್ಲಿ ಅದೇ ಸಿ.ಡಿ. ಇದ್ದರೆ ಇತರರ ಫಲಿತಾಂಶದೊಂದಿಗೆ ತಾಳೆ ನೋಡುತ್ತದೆ, ಕೊನೆಗೆ ಒಂದು ವರದಿಯನ್ನು ಬರೆದಿಡುತ್ತದೆ. ಆ ವರದಿಯನ್ನು ಹಾಡುಗಳ ಫೋಲ್ಡರ್‌ನಲ್ಲಿಯೇ ಇಡಿರಿ. ಸಿ.ಡಿ.ಯನ್ನು ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು. ಅಂಗಡಿಯಲ್ಲಿ ಬರೆಸಿಕೊಂಡ ಸಿ.ಡಿ.ಗಳು ಬಿಸಿಲಿಗೆ ಬೇಗ ಕೆಡುವುದರಿಂದ ಅವುಗಳ ಸರದಿ ಮೊದಲು ಬರಲಿ.

ಕ್ಯಾಸೆಟ್‌ಗಳನ್ನು ಗಣಕಯಂತ್ರಕ್ಕೆ ತರುವ ಕ್ರಮ ಹೇಗೆ?

ಇದು ರಿಪ್ ಮಾಡುವುದಕ್ಕಿಂತ ನಿಧಾನವಾದ ಕೆಲಸ, ಏಕೆಂದರೆ 60 ನಿಮಿಷದ ಕ್ಯಾಸೆಟ್ 60 ನಿಮಿಷ ಓಡಿಯೇ ತೀರಬೇಕು. ಟೇಪ್ ರೆಕಾರ್ಡರಿನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅದರ ಲೈನ್ ಔಟ್‌ನಿಂದ ಗಣಕಯಂತ್ರದ ಲೈನ್ ಇನ್‌ಗೆ ಅಥವಾ ಯುಎಸ್‌ಬಿ ಆಡಿಯೋ ಸಾಧನಕ್ಕೆ ತಂತಿ ಜೋಡಿಸಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಜೋಡಿಸಿದರೆ ಧ್ವನಿ ಒಡೆಯುತ್ತದೆ, ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಚಾನೆಲ್‌ಗಳ ಬದಲು ಒಂದೇ ಬರುತ್ತದೆ. ಧ್ವನಿಯ ಶಿಖರ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಮಂಕಾಗಿ, ಕಂಬಳಿ ಹೊದಿಸಿದಂತೆ ಕೇಳಿಸಿದರೆ ಟೇಪ್ ಕೆಟ್ಟಿದೆಯೆಂದು ತಕ್ಷಣ ತೀರ್ಮಾನಿಸಬಾರದು; ಹೆಡ್ಡಿನ ಕೋನವನ್ನು ಸಣ್ಣ ತಿರುಪಿನಿಂದ ಸ್ವಲ್ಪ ಸರಿಪಡಿಸಿದರೆ ತಂಬೂರಿಯ ನಾದ ತೆರೆದುಕೊಳ್ಳುವುದುಂಟು.

ಪ್ರತಿ ಬದಿಯನ್ನು ಒಂದು ಇಡಿಯ ಫೈಲಾಗಿ ಉಳಿಸಿ, ಅನಂತರ ಅದರ ಪ್ರತಿಯನ್ನು ಹಾಡುಗಳಾಗಿ ಕತ್ತರಿಸಿರಿ. ಇಡಿಯ ಫೈಲನ್ನು ಅಳಿಸಬೇಡಿರಿ. ಗೊರಗೊರ ಶಬ್ದ ಕಳೆಯುವ ಸೌಲಭ್ಯವನ್ನು ಮೂಲ ಪ್ರತಿಯ ಮೇಲೆ ಬಳಸಲೇಬಾರದು, ಏಕೆಂದರೆ ಅದು ಗಾಯಕರ ಉಸಿರು, ತಾಳದ ಕೊನೆಯ ಝೇಂಕಾರ, ಸಭಿಕರ ‘ವಾಹ್’ ಎಲ್ಲವನ್ನೂ ಗೊರಗೊರದ ಜೊತೆಗೇ ತೆಗೆದುಬಿಡುತ್ತದೆ. ಕ್ಯಾಸೆಟ್ಟಿನ ಹೊದಿಕೆಯನ್ನೂ ಒಳಗಿನ ಮಡಿಕೆ ಕಾಗದವನ್ನೂ ಎರಡೂ ಬದಿ ಸ್ಕ್ಯಾನ್ ಮಾಡಿ ಅದೇ ಫೋಲ್ಡರ್‌ನಲ್ಲಿ ಸೇರಿಸಬೇಕು.

ಫೋಲ್ಡರ್ ಮತ್ತು ಫೈಲುಗಳ ಹೆಸರನ್ನು ಕನ್ನಡದಲ್ಲಿ ಇಡಬಹುದೇ?

ಇಡಬಹುದು, ಆದರೆ ಚಿಕ್ಕದಾಗಿಡಿರಿ. ಲಿನಕ್ಸ್‌ನ ಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ ಇದೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ಅದರಲ್ಲಿ ಗುಣಿತ ಚಿಹ್ನೆಯೂ ಅರ್ಧಾಕ್ಷರದ ಚಿಹ್ನೆಯೂ ಒಂದೊಂದು ಸಂಕೇತವೇ, ಒತ್ತಿಗೆ ಎರಡು ಸಂಕೇತ ಬೇಕು. ವಚನದ ಮೊದಲ ಸಾಲನ್ನು ಪೂರ್ತಿಯಾಗಿ ಫೈಲಿನ ಹೆಸರಾಗಿಸಿದಾಗ ನಕಲು ಮಾಡುವಾಗ ದೋಷ ಬರುವುದಕ್ಕೆ ಇದೇ ಕಾರಣ. ವಿಂಡೋಸ್‌ನಲ್ಲಿ ಇಡೀ ದಾರಿಗೆ ಸಾಮಾನ್ಯವಾಗಿ 260 ಅಕ್ಷರಗಳ ಮಿತಿ ಇದ್ದು, ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆ, ಓರೆಗೆರೆಗಳನ್ನು ಹೆಸರಿನಲ್ಲಿ ಬಳಸಲಾಗದು. ಗಾಯಕರ ಹೆಸರು, ಅದರೊಳಗೆ ವರ್ಷ ಮತ್ತು ಆಲ್ಬಮ್, ಅದರೊಳಗೆ ಎರಡಂಕಿಯ ಕ್ರಮಸಂಖ್ಯೆ ಮತ್ತು ಎರಡು ಮೂರು ಪದಗಳ ಶೀರ್ಷಿಕೆ ಇದ್ದರೆ ಸಾಕು. ಉಳಿದದ್ದನ್ನೆಲ್ಲ ಟ್ಯಾಗ್ ಹೊರುತ್ತದೆ.

ವಚನ, ದಾಸರ ಪದ, ತತ್ವಪದಗಳಿಗೆ ‘ಆರ್ಟಿಸ್ಟ್’ ಎಂದು ಯಾರ ಹೆಸರನ್ನು ಬರೆಯಬೇಕು?

ಹಾಡಿದವರ ಹೆಸರನ್ನು. ಬಸವಣ್ಣನವರನ್ನು ಆರ್ಟಿಸ್ಟ್ ಎಂದು ಬರೆದ ಸಂಗ್ರಹಗಳು ನಮ್ಮಲ್ಲಿ ಬಹಳ. ಭಕ್ತಿಯಿಂದ ಹಾಗೆ ಬರೆದಿರುತ್ತಾರೆ, ಆದರೆ ಅದರಿಂದ ಹತ್ತಾರು ಗಾಯಕರು ಒಂದೇ ಹೆಸರಿನಡಿ ಕರಗಿಹೋಗುತ್ತಾರೆ. ಮೂರು ಹೊಣೆಗಳಿಗೆ ಮೂರು ಟ್ಯಾಗ್‌ಗಳಿವೆ: ಹಾಡಿದವರು ಆರ್ಟಿಸ್ಟ್, ಸಾಹಿತ್ಯ ರಚಿಸಿದವರು ಲಿರಿಸಿಸ್ಟ್, ರಾಗ ಸಂಯೋಜನೆ ಮಾಡಿದವರು ಕಂಪೋಸರ್. ವಚನಗಳ ಮಟ್ಟಿಗೆ ಸಾಹಿತ್ಯ 12ನೆಯ ಶತಮಾನದ್ದು, ರಾಗ ಸಂಯೋಜನೆ ನಮ್ಮ ಕಾಲದ್ದು, ಆದ್ದರಿಂದ ಇವೆರಡನ್ನೂ ಕಂಪೋಸರ್ ಎಂಬ ಒಂದೇ ಮನೆಯಲ್ಲಿ ತುಂಬುವುದು ತಪ್ಪು. ಸಂಯೋಜಕರು ಗೊತ್ತಿಲ್ಲದಿದ್ದರೆ ಆ ಟ್ಯಾಗನ್ನು ಖಾಲಿ ಬಿಡಿರಿ.

ಕ್ಯಾಸೆಟ್ ಹೊದಿಕೆಯಲ್ಲಿ ಕವಿಯ ಹೆಸರೇ ಇಲ್ಲದಿದ್ದಾಗ ಅಂಕಿತವೇ ದಾರಿ ತೋರಿಸುತ್ತದೆ, ಮತ್ತು ಈ ಅನುಕೂಲ ಬೇರೆ ಸಂಗೀತ ಸಂಗ್ರಹಗಳಿಗೆ ಅಷ್ಟಾಗಿ ಇಲ್ಲ. ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ, ‘ಗುಹೇಶ್ವರ’ ಎಂದರೆ ಅಲ್ಲಮಪ್ರಭು, ‘ಪುರಂದರ ವಿಠಲ’ ಎಂದರೆ ಪುರಂದರದಾಸರು, ‘ಕಾಗಿನೆಲೆಯಾದಿಕೇಶವ’ ಎಂದರೆ ಕನಕದಾಸರು, ‘ಜಗನ್ನಾಥ ವಿಠಲ’ ಎಂದರೆ ಮಾನವಿಯ ಜಗನ್ನಾಥದಾಸರು. ಕಿವಿಯನ್ನು ಚುರುಕಾಗಿಟ್ಟು ಕೇಳಬೇಕಾದ ಒಂದು ಜೋಡಿ ಇದೆ: ‘ಕೂಡಲಸಂಗಮದೇವ’ ಬಸವಣ್ಣನವರ ಅಂಕಿತ, ‘ಕೂಡಲಚೆನ್ನಸಂಗಮದೇವ’ ಚೆನ್ನಬಸವಣ್ಣನವರದು. ಗಾಯಕರು ಆಲಾಪದಲ್ಲಿ ಅಂಕಿತವನ್ನು ಎಳೆದು ಹಾಡುವಾಗ ಈ ನಡುವಿನ ‘ಚೆನ್ನ’ ಸುಲಭವಾಗಿ ಕಿವಿ ತಪ್ಪಿಸುತ್ತದೆ. ಅನುಮಾನವಿದ್ದರೆ ಮುದ್ರಿತ ವಚನ ಸಂಪುಟದೊಂದಿಗೆ ಹೋಲಿಸಿ ನೋಡಿದ ಮೇಲೆ ಬರೆಯಿರಿ. ಬೀದರ್ ಕಡೆಯ ಮರಾಠಿ ಅಭಂಗಗಳಲ್ಲಿಯೂ ‘ತುಕಾ ಮ್ಹಣೆ’ ಎಂಬ ಮುದ್ರೆ ಬಂದರೆ ಅದು ತುಕಾರಾಮರದೆಂದು ಗುರುತಿಸಲಾಗುತ್ತದೆ. ತತ್ವಪದಗಳಲ್ಲಿ ಗುರುವಿನ ಹೆಸರೇ ಅಂಕಿತವಾಗಿ ಬರುವುದು ಹೆಚ್ಚು, ಒಬ್ಬ ಗುರುವಿನ ಹಲವು ಶಿಷ್ಯರು ಅದೇ ಹೆಸರನ್ನು ಬಳಸಿರಬಹುದು. ಅಲ್ಲಿ ಅಂಕಿತವೊಂದರಿಂದಲೇ ಕರ್ತೃವನ್ನು ನಿರ್ಧರಿಸದೆ, ಆ ಪದವನ್ನು ಪರಂಪರೆಯಿಂದ ಹಾಡುತ್ತ ಬಂದ ಭಜನಾ ಮೇಳದ ಹಿರಿಯರನ್ನು ಕೇಳುವುದು ಕ್ಷೇಮ.

ಒಬ್ಬರೇ ಗಾಯಕರು ಪಟ್ಟಿಯಲ್ಲಿ ನಾಲ್ಕೈದು ಕಡೆ ಕಾಣಿಸುತ್ತಾರೆ. ಯಾಕೆ?

ತಂತ್ರಾಂಶಕ್ಕೆ ಹೆಸರೆಂದರೆ ಅಕ್ಷರಗಳ ಸಾಲು ಮಾತ್ರ. ‘ಭೀಮಸೇನ ಜೋಶಿ’, ‘ಭೀಮಸೇನ್ ಜೋಶಿ’, ‘ಭೀಮಸೇನ ಜೋಷಿ’, ‘ಪಂ. ಭೀಮಸೇನ ಜೋಶಿ’ ಎಂಬುವು ಅದಕ್ಕೆ ನಾಲ್ವರು ಬೇರೆ ವ್ಯಕ್ತಿಗಳು. ‘ಎಸ್.ಪಿ.’ ಮತ್ತು ‘ಎಸ್. ಪಿ.’ ನಡುವಿನ ಒಂದು ಜಾಗವೂ ಸಾಕು ಒಬ್ಬರನ್ನು ಇಬ್ಬರಾಗಿಸಲು. ಆದ್ದರಿಂದ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಅಥವಾ ಸ್ಪ್ರೆಡ್‌ಶೀಟಿನಲ್ಲಿ ಹೆಸರುಗಳ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಒಂದೇ ಕಾಗುಣಿತವನ್ನು ನಿಗದಿಪಡಿಸಿ, ಟ್ಯಾಗ್ ಬರೆಯುವಾಗ ಅಲ್ಲಿಂದಲೇ ನಕಲು ಮಾಡಿ ಅಂಟಿಸಬೇಕು. ಯಾವ ಕಾಗುಣಿತ ಸರಿ ಎಂಬ ಚರ್ಚೆಗಿಂತ ಎಲ್ಲ ಕಡೆಯೂ ಒಂದೇ ಇರುವುದು ಹೆಚ್ಚು ಮುಖ್ಯ.

ಪಂಡಿತ್, ಉಸ್ತಾದ್, ವಿದುಷಿ, ಡಾ. ಮುಂತಾದ ಗೌರವ ಪದಗಳನ್ನು ಬಿಡುವುದಕ್ಕೆ ಹಲವರಿಗೆ ಮನಸ್ಸು ಒಪ್ಪುವುದಿಲ್ಲ. ಆ ಭಾವನೆ ಸಹಜವಾದದ್ದು. ಆದರೆ ಅವನ್ನು ಉಳಿಸಿದರೆ ಅರ್ಧ ಸಂಗ್ರಹ ‘ಪ’ ಅಕ್ಷರದಲ್ಲಿಯೇ ಸೇರಿಕೊಳ್ಳುತ್ತದೆ. ಉಳಿಸಲೇಬೇಕೆಂದಿದ್ದರೆ ಆರ್ಟಿಸ್ಟ್ ಟ್ಯಾಗಿನಲ್ಲಿ ಗೌರವ ಪದ ಸಹಿತ ಹೆಸರನ್ನೂ, ಆರ್ಟಿಸ್ಟ್ ಸಾರ್ಟ್ ಎಂಬ ಟ್ಯಾಗಿನಲ್ಲಿ ಬರಿಯ ಹೆಸರನ್ನೂ ಬರೆಯಿರಿ. ಅದನ್ನು ಗೌರವಿಸುವ ತಂತ್ರಾಂಶಗಳು ಸರಿಯಾದ ಅಕ್ಷರದಡಿ ಜೋಡಿಸುತ್ತವೆ.

ಕಾಗುಣಿತ ಒಂದೇ ಇದ್ದರೂ ಹೆಸರು ಎರಡು ಸಲ ಬರುತ್ತಿದೆ. ಕೆಲವು ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಕಾಣುತ್ತವೆ.

ಇವು ಮೂರು ಬೇರೆ ಬೇರೆ ದೋಷಗಳು. ಮೊದಲನೆಯದು ಕಣ್ಣಿಗೆ ಕಾಣದ ಸಂಕೇತಗಳು. ‘ಕುಮಾರ್’ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಲಿಮಣೆಗಳು ಕಾಣದ ಒಂದು ತಡೆ ಸಂಕೇತವನ್ನು ಸೇರಿಸುತ್ತವೆ. ನೋಡುವುದಕ್ಕೆ ವ್ಯತ್ಯಾಸವಿಲ್ಲ, ತಂತ್ರಾಂಶಕ್ಕೆ ಅದು ಬೇರೆ ಹೆಸರು. ಎರಡನೆಯದು ಒಂದೇ ಅಕ್ಷರವನ್ನು ಎರಡು ರೀತಿ ಸಂಗ್ರಹಿಸುವುದು. ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳಿಂದ ಬಂದ ಫೈಲಿನ ಹೆಸರುಗಳಲ್ಲಿ ಎರಡನೆಯ ರೀತಿ ಇರುತ್ತದೆ, ಫೈಲಿನ ಹೆಸರಿನಿಂದ ಟ್ಯಾಗ್ ತುಂಬಿಸಿಕೊಂಡರೆ ಅದೇ ಟ್ಯಾಗಿಗೂ ಬರುತ್ತದೆ. ಎರಡಕ್ಕೂ ಒಂದೇ ಮದ್ದು: ಆ ಹೆಸರಿನ ಎಲ್ಲ ಹಾಡುಗಳನ್ನು ಒಟ್ಟಿಗೆ ಆಯ್ದು ನಿಮ್ಮ ಪಟ್ಟಿಯ ಹೆಸರನ್ನು ಮತ್ತೊಮ್ಮೆ ಅಂಟಿಸಿ ಉಳಿಸುವುದು.

ಮೂರನೆಯದು ಯೂನಿಕೋಡ್‌ಗಿಂತ ಮುಂಚಿನ ಕಾಲದ ಬಳುವಳಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಹೆಸರುಗಳು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವು ನಾಶವಾಗಿಲ್ಲ, ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಬಹುದು. ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಕಾಣುತ್ತಿದ್ದರೆ ವಿವರ ನಿಜವಾಗಿಯೂ ಹೋಗಿದೆ. ಎಂಪಿ3ಯ ಹಳೆಯ ಐಡಿ3 ಒಂದನೆಯ ಆವೃತ್ತಿಯ ಟ್ಯಾಗ್ ಒಟ್ಟು 128 ಬೈಟ್‌ಗಳದು, ಹೆಸರಿಗೆ 30 ಬೈಟ್ ಮಾತ್ರ, ಕನ್ನಡಕ್ಕೆ ಅಲ್ಲಿ ಜಾಗವೂ ಇಲ್ಲ, ವ್ಯವಸ್ಥೆಯೂ ಇಲ್ಲ. ಅದನ್ನು ಬರೆಯದಂತೆ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ, ಐಡಿ3 2.3ನೆಯ ಆವೃತ್ತಿಯನ್ನು ಯುಟಿಎಫ್-16 ಸಂಕೇತದೊಂದಿಗೆ ಬಳಸಿರಿ. ಹಳೆಯ ಮತ್ತು ಹೊಸ ಪ್ಲೇಯರ್‌ಗಳೆರಡೂ ಅದನ್ನು ಓದುತ್ತವೆ.

ಒಂದು ಸಿನಿಮಾದ ಹಾಡುಗಳು ಐದಾರು ಆಲ್ಬಮ್‌ಗಳಾಗಿ ಚದುರಿಹೋಗಿವೆ.

ಪ್ರತಿ ಹಾಡಿಗೂ ಗಾಯಕರು ಬೇರೆ, ‘ಆಲ್ಬಮ್ ಆರ್ಟಿಸ್ಟ್’ ಟ್ಯಾಗ್ ಖಾಲಿ, ಆದ್ದರಿಂದ ತಂತ್ರಾಂಶ ಅವನ್ನು ಬೇರೆ ಬೇರೆ ಆಲ್ಬಮ್ ಎಂದು ತಿಳಿಯುತ್ತದೆ. ಸಿನಿಮಾ ಹಾಡುಗಳಿಗೆ ಆಲ್ಬಮ್ ಆರ್ಟಿಸ್ಟ್ ಆಗಿ ಸಂಗೀತ ನಿರ್ದೇಶಕರ ಹೆಸರನ್ನು ಬರೆಯುವುದು ನಮ್ಮ ಕೇಳುವ ರೂಢಿಗೆ ಹೊಂದುತ್ತದೆ. ರಾಜನ್–ನಾಗೇಂದ್ರ ಅಥವಾ ಜಿ.ಕೆ. ವೆಂಕಟೇಶ್ ಅವರ ಕೆಲಸವನ್ನೆಲ್ಲ ಒಂದೆಡೆ ನೋಡುವ ಅನುಕೂಲವೂ ಸಿಗುತ್ತದೆ. ಒಂದೇ ಹೆಸರಿನ ಸಿನಿಮಾಗಳು ಬೇರೆ ಬೇರೆ ಕಾಲದಲ್ಲಿ ಬಂದಿರುವುದರಿಂದ ಆಲ್ಬಮ್ ಹೆಸರಿನ ಜೊತೆಗೆ ವರ್ಷವನ್ನೂ ಸೇರಿಸಿರಿ. ಯುಗಳ ಗೀತೆಗಳಲ್ಲಿ ‘ಮತ್ತು’ ಎಂದು ಒಂದೇ ಸಾಲಾಗಿ ಬರೆಯದೆ ಎರಡು ಹೆಸರುಗಳನ್ನು ಎರಡು ಮೌಲ್ಯಗಳಾಗಿ ನಮೂದಿಸಬೇಕು. ಮ್ಯೂಸಿಕ್‌ಬೀ, ಫೂಬಾರ್2000ಗಳಲ್ಲಿ ನಡುವೆ ಅರ್ಧವಿರಾಮ ಚಿಹ್ನೆ (;) ಹಾಕಿದರೆ ಆಗುತ್ತದೆ.

ರಾಗ, ತಾಳಗಳನ್ನು ಎಲ್ಲಿ ಬರೆಯಬೇಕು?

ಸಿದ್ಧ ಟ್ಯಾಗ್‌ಗಳಲ್ಲಿ ಅವುಗಳಿಗೆ ಸ್ಥಾನವಿಲ್ಲ, ಆದರೆ ಫ್ಲ್ಯಾಕ್ ಮತ್ತು ಎಂಪಿ3 ಎರಡೂ ನಾವೇ ಹೆಸರಿಟ್ಟ ಹೊಸ ಟ್ಯಾಗ್‌ಗಳನ್ನು ಸ್ವೀಕರಿಸುತ್ತವೆ. ‘ರಾಗ’, ‘ತಾಳ’, ‘ಘರಾಣೆ’ ಎಂದು ಮೂರು ಟ್ಯಾಗ್ ಮಾಡಿಕೊಂಡು, ಮ್ಯೂಸಿಕ್‌ಬೀಯಲ್ಲಿ ಅಥವಾ ಫೂಬಾರ್2000ದಲ್ಲಿ ಅವುಗಳಿಗೆ ಕಾಲಂ ಕೊಟ್ಟರೆ, ಸಂಜೆಯ ಹೊತ್ತಿಗೆ ಸಂಗ್ರಹದಲ್ಲಿರುವ ಎಲ್ಲ ಯಮನ್‌ಗಳನ್ನು ಒಂದೇ ಪಟ್ಟಿಯಲ್ಲಿ ತೆರೆಯಬಹುದು. ಈ ಹೊಸ ಟ್ಯಾಗ್‌ಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಡಬೇಕು, ಏಕೆಂದರೆ ಫ್ಲ್ಯಾಕ್‌ನ ನಿಯಮ ಟ್ಯಾಗಿನ ಹೆಸರಿಗೆ ಬೇರೆ ಲಿಪಿಯನ್ನು ಒಪ್ಪುವುದಿಲ್ಲ. ಅದರೊಳಗಿನ ಮೌಲ್ಯ ಕನ್ನಡದಲ್ಲಿರಬಹುದು. ವಿಲಂಬಿತ ಮತ್ತು ದ್ರುತ್ ಒಂದೇ ಟ್ರ್ಯಾಕಿನಲ್ಲಿದ್ದರೆ ತಾಳಕ್ಕೆ ಎರಡು ಮೌಲ್ಯ ಕೊಡಿರಿ. ರಾಗದ ಹೆಸರನ್ನು ಶೀರ್ಷಿಕೆಯಲ್ಲಿ ಮಾತ್ರ ಬರೆದು ಬಿಡುವವರು ಹೆಚ್ಚು. ಶೀರ್ಷಿಕೆಯಲ್ಲಿಯೂ ಇರಲಿ, ತೊಂದರೆಯಿಲ್ಲ. ತಬಲಾ, ಹಾರ್ಮೋನಿಯಂ, ತಂಬೂರಿ ಸಾಥಿದಾರರ ಹೆಸರುಗಳನ್ನು ‘ಪರ್ಫಾರ್ಮರ್’ ಟ್ಯಾಗಿನಲ್ಲಿ ವಾದ್ಯ ಸಹಿತ ನಮೂದಿಸಿರಿ. ಹೊದಿಕೆಯ ಕಾಗದದಲ್ಲಿ ತೀರ ಸಣ್ಣ ಅಕ್ಷರದಲ್ಲಿ ಮುದ್ರಿತವಾದ ಅವರ ಹೆಸರುಗಳೇ ಮೊದಲು ಮಾಸಿಹೋಗುತ್ತವೆ.

ಪ್ರಕಾರಗಳು ಎಷ್ಟಿರಬೇಕು?

ಹತ್ತು ಹನ್ನೆರಡಕ್ಕಿಂತ ಹೆಚ್ಚು ಬೇಡ: ವಚನ, ದಾಸರ ಪದ, ತತ್ವಪದ, ಜಾನಪದ, ರಿವಾಯತ್, ಕವ್ವಾಲಿ, ಅಭಂಗ, ಗುರ್ಬಾನಿ (ಸಿಖ್ಖರ ಭಕ್ತಿಗೀತೆ), ಹಿಂದೂಸ್ತಾನಿ, ಸಿನಿಮಾ, ಭಾವಗೀತೆ. ಒಂದು ಹಾಡು ಎರಡು ಪ್ರಕಾರಗಳಿಗೆ ಸೇರಿದರೆ ಎರಡನ್ನೂ ಬರೆಯಬಹುದು.

ಕನ್ನಡ, ಉರ್ದು, ಮರಾಠಿ, ತೆಲುಗು ಹೆಸರುಗಳು ಪಟ್ಟಿಯಲ್ಲಿ ವಿಚಿತ್ರ ಕ್ರಮದಲ್ಲಿ ಬರುತ್ತವೆ. ಸರಿಪಡಿಸಬಹುದೇ?

ಅನೇಕ ತಂತ್ರಾಂಶಗಳು ಯೂನಿಕೋಡ್ ಸಂಕೇತಗಳ ಸಂಖ್ಯೆಯ ಕ್ರಮದಲ್ಲಿಯೇ ಹೆಸರುಗಳನ್ನು ಜೋಡಿಸುತ್ತವೆ. ಆ ಕ್ರಮದಲ್ಲಿ ಮೊದಲು ಇಂಗ್ಲಿಷ್, ಬಳಿಕ ಉರ್ದು, ದೇವನಾಗರಿ, ಗುರುಮುಖಿ, ತೆಲುಗು, ಕೊನೆಗೆ ಕನ್ನಡ ಬರುತ್ತದೆ. ಬೀದರಿನ ಸಂಗ್ರಹವೊಂದರಲ್ಲಿ ಈ ಆರೂ ಲಿಪಿಗಳು ಇರುವುದು ಆಶ್ಚರ್ಯವೇನಲ್ಲ, ಅಲ್ಲಿ ಗುರುನಾನಕ್ ಝೀರಾ ಗುರುದ್ವಾರವೂ ಇದೆ. ಕನ್ನಡದೊಳಗೂ ‘ಳ’ ಅಕ್ಷರ ವರ್ಣಮಾಲೆಯ ಕೊನೆಗೆ ಬರುವ ಬದಲು ‘ಲ’ದ ನಂತರವೇ ಬಂದುಬಿಡುತ್ತದೆ. ಒಬ್ಬರೇ ಗಾಯಕರು ಎರಡು ಭಾಷೆಗಳಲ್ಲಿ ಹಾಡಿದ್ದರೆ ಅವರ ಹೆಸರನ್ನು ಒಂದೇ ಲಿಪಿಯಲ್ಲಿ ಬರೆಯುವುದು ಮೊದಲ ನಿಯಮ. ಹಾಡಿನ ಶೀರ್ಷಿಕೆಯನ್ನು ಮಾತ್ರ ಅದರ ಸ್ವಂತ ಲಿಪಿಯಲ್ಲಿ ಇಡುವುದು ಉತ್ತಮ, ಓದಲಾಗದ ಮನೆಯವರಿಗಾಗಿ ಕಾಮೆಂಟ್ ಟ್ಯಾಗಿನಲ್ಲಿ ಕನ್ನಡದಲ್ಲಿ ಬರೆದಿಡಬಹುದು. ಲಿಪಿಗಳು ಬೆರೆತು ಒಂದೇ ಅಕಾರಾದಿಯಲ್ಲಿ ಬರಬೇಕೆಂದಿದ್ದರೆ ಸಾರ್ಟ್ ಟ್ಯಾಗ್‌ಗಳನ್ನೆಲ್ಲ ಒಂದೇ ಲಿಪಿಯಲ್ಲಿ ತುಂಬಬೇಕಾಗುತ್ತದೆ.

ತಾನಾಗಿಯೇ ಟ್ಯಾಗ್ ಹಾಕುವ ಸೌಲಭ್ಯವನ್ನು ನಂಬಬಹುದೇ?

ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ತಂತ್ರಾಂಶವು ಹಾಡಿನ ಧ್ವನಿಯನ್ನೇ ಗುರುತಿಸಿ, ಮುಕ್ತ ದತ್ತಸಂಚಯವೊಂದರಿಂದ ವಿವರ ತರುತ್ತದೆ. ಹೆಸರಾಂತ ಹಿಂದೂಸ್ತಾನಿ ಆಲ್ಬಮ್‌ಗಳಿಗೆ, ಹಿಂದಿ ಸಿನಿಮಾಗಳಿಗೆ ಅದು ಉಪಯುಕ್ತ. ಸಣ್ಣ ಕ್ಯಾಸೆಟ್ ಕಂಪನಿಗಳು ತಂದ ಭಜನೆ, ತತ್ವಪದಗಳ ದಾಖಲೆ ಅಲ್ಲಿ ಸಿಗುವುದು ಕಡಿಮೆ, ಮತ್ತು ಸಿಕ್ಕದಿದ್ದಾಗ ಹೋಲುವ ಬೇರೆ ಆಲ್ಬಮ್ಮನ್ನು ಮುಂದಿಡುವ ಅಪಾಯವಿದೆ. ಪಿಕಾರ್ಡ್ ನಾವು ಉಳಿಸು ಎನ್ನುವವರೆಗೆ ಫೈಲನ್ನು ಬದಲಾಯಿಸುವುದಿಲ್ಲವಾದ್ದರಿಂದ, ಒಂದೊಂದು ಆಲ್ಬಮ್ಮನ್ನೂ ಕಣ್ಣಾರೆ ನೋಡಿ ಒಪ್ಪಬೇಕು. ಸಂಗ್ರಹವನ್ನೆಲ್ಲ ಒಂದೇ ಸಲ ಸುರಿದು ಉಳಿಸಬಾರದು. ಅಲ್ಲಿ ಇಲ್ಲದ ಆಲ್ಬಮ್ಮಿನ ವಿವರವನ್ನು ಯಾರು ಬೇಕಾದರೂ ಸೇರಿಸಬಹುದು. ನಮ್ಮ ಭಾಗದ ಗಾಯಕರ ಹೆಸರುಗಳು ಸರಿಯಾದ ಕಾಗುಣಿತದಲ್ಲಿ ಅಲ್ಲಿ ಇರಬೇಕೆಂದರೆ ಸೇರಿಸಬೇಕಾದವರು ನಾವೇ.

ಜಾತ್ರೆ, ಉರುಸು, ಇಡೀ ರಾತ್ರಿಯ ಭಜನೆಯಲ್ಲಿ ಮೊಬೈಲಿನಿಂದ ಮುದ್ರಿಸಿಕೊಂಡದ್ದನ್ನು ಹೇಗೆ ಸೇರಿಸುವುದು?

ಊರು, ಸಂದರ್ಭ, ದಿನಾಂಕ ಮೂರನ್ನೂ ಆಲ್ಬಮ್ ಹೆಸರಿನಲ್ಲಿ ಬರೆದು, ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇಟ್ಟರೆ ಶರಣಬಸವೇಶ್ವರ ಜಾತ್ರೆಯ ಎಲ್ಲ ವರ್ಷಗಳ ಮುದ್ರಣಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ತಿಥಿ ಮಾತ್ರ ಗೊತ್ತಿದ್ದರೆ ಅದನ್ನೇ ಕಾಮೆಂಟ್‌ನಲ್ಲಿ ಬರೆಯಿರಿ. ವಾಟ್ಸ್ಯಾಪ್‌ನಲ್ಲಿ ಬಂದ ಆಡಿಯೋ ಫೈಲಿನ ಹೆಸರಿನಲ್ಲಿರುವ ದಿನಾಂಕ ಅದು ಕೈಸೇರಿದ ದಿನದ್ದು, ಹಾಡಿದ ದಿನದ್ದಲ್ಲ; ಅದನ್ನು ನೋಡಿ ವರ್ಷ ತುಂಬಿದ ಸಂಗ್ರಹಗಳಲ್ಲಿ ಹಳೆಯ ಹಾಡುಗಾರರೆಲ್ಲ ಈಚಿನವರಾಗಿಬಿಡುತ್ತಾರೆ. ನಾಲ್ಕೈದು ಗಂಟೆಯ ಭಜನೆಯನ್ನು ತುಂಡರಿಸಲು ಮನಸ್ಸಿಲ್ಲದಿದ್ದರೆ ಕ್ಯೂ ಶೀಟ್ ಎಂಬ ಸಣ್ಣ ಪಠ್ಯ ಫೈಲಿನಲ್ಲಿ ಪ್ರತಿ ಪದ ಆರಂಭವಾಗುವ ನಿಮಿಷ, ಸೆಕೆಂಡುಗಳನ್ನು ಬರೆದರೆ ಸಾಕು. ಫೂಬಾರ್2000 ಅದನ್ನು ಬೇರೆ ಬೇರೆ ಹಾಡುಗಳಾಗಿ ತೋರಿಸುತ್ತದೆ, ಮೂಲ ಇಡಿಯಾಗಿಯೇ ಉಳಿಯುತ್ತದೆ.

2014ರ ನವೆಂಬರ್ 1ಕ್ಕಿಂತ ಮುಂಚಿನ ಧ್ವನಿಮುದ್ರಣಗಳ ಹೊದಿಕೆಯಲ್ಲಿ ‘ಗುಲ್ಬರ್ಗಾ’ ಎಂದಿರುತ್ತದೆ. ಟ್ಯಾಗಿನಲ್ಲಿ ಊರಿನ ಹೆಸರನ್ನು ‘ಕಲಬುರಗಿ’ ಎಂದು ಏಕರೂಪಗೊಳಿಸಿ, ಹೊದಿಕೆಯ ಮೂಲ ರೂಪವನ್ನು ಕಾಮೆಂಟ್‌ನಲ್ಲಿ ಉಳಿಸಿಕೊಳ್ಳಬಹುದು.

ಒಂದು ಹಾಡು ಜೋರಾಗಿ, ಮುಂದಿನದು ಮೆಲ್ಲಗೆ ಕೇಳಿಸುತ್ತದೆ.

ರಿಪ್ಲೇಗೇನ್ ಎಂಬ ಸೌಲಭ್ಯವನ್ನು ಬಳಸಿರಿ. ಅದು ಧ್ವನಿಯನ್ನು ಮುಟ್ಟದೆ, ಎಷ್ಟು ಏರಿಸಬೇಕು ಇಳಿಸಬೇಕೆಂಬುದನ್ನು ಟ್ಯಾಗಿನಲ್ಲಿ ಮಾತ್ರ ಬರೆಯುತ್ತದೆ. ಬೈಠಕ್‌ಗಳಿಗೆ ಆಲ್ಬಮ್ ಲೆಕ್ಕವನ್ನೇ ಆಯ್ದುಕೊಳ್ಳಿರಿ. ಹಾಡಿನ ಲೆಕ್ಕ ಆಯ್ದರೆ ಆಲಾಪವೂ ತಾನವೂ ಒಂದೇ ಎತ್ತರಕ್ಕೆ ಬಂದುಬಿಡುತ್ತವೆ.

ನಮ್ಮ ಕಡೆಯ ಬಿಸಿಲಿನಲ್ಲಿ ಹಾರ್ಡ್ ಡಿಸ್ಕ್ ಕೆಡುವುದಿಲ್ಲವೇ? ಬ್ಯಾಕಪ್ ಎಷ್ಟಿರಬೇಕು?

ಮೇ ತಿಂಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಶಹಾಬಾದ್ ಪರಸಿ ಹೊದಿಸಿದ ಮಾಳಿಗೆಯ ಮೇಲಂತಸ್ತು, ತಗಡಿನ ಕೋಣೆ, ಬಿಸಿಲು ಬೀಳುವ ಕಿಟಕಿಯ ಕಟ್ಟೆ ಇವು ಡಿಸ್ಕಿಗಾಗಲಿ ಕ್ಯಾಸೆಟ್ಟಿಗಾಗಲಿ ತಕ್ಕ ಜಾಗಗಳಲ್ಲ. ನೆಲಮಟ್ಟದ ಒಳಕೋಣೆಯ ಕಪಾಟು ಒಳ್ಳೆಯದು. ದೊಡ್ಡ ನಕಲು ಕೆಲಸವನ್ನು ಬೇಸಿಗೆಯಲ್ಲಿ ರಾತ್ರಿ ಹೊತ್ತು ಇಟ್ಟುಕೊಳ್ಳಿರಿ, ಡಿಸ್ಕ್ ಕೈಗೆ ಸುಡುವಷ್ಟು ಬಿಸಿಯಾದರೆ ನಿಲ್ಲಿಸಿರಿ. ಟ್ಯಾಗ್ ಬರೆಯುವ ನಡುವೆ ವಿದ್ಯುತ್ ಹೋದರೆ ಆ ಫೈಲೂ ಲೈಬ್ರರಿಯ ದತ್ತಸಂಚಯವೂ ಕೆಡಬಹುದು, ಆದ್ದರಿಂದ ಮೇಜಿನ ಗಣಕಯಂತ್ರಕ್ಕೆ ಯುಪಿಎಸ್ ಅಗತ್ಯ.

ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಮನೆಯಲ್ಲಿ ಎಂಬುದು ಬ್ಯಾಕಪ್‌ನ ಒಪ್ಪಿತ ನಿಯಮ. ಕಲಬುರಗಿಯಲ್ಲಿರುವವರು ಒಂದು ಡಿಸ್ಕನ್ನು ಸುರಪುರದ ಅಥವಾ ಹುಮನಾಬಾದಿನ ಸಂಬಂಧಿಕರ ಮನೆಯಲ್ಲಿಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಬದಲಾಯಿಸಿಕೊಂಡು ಬಂದರೆ ಅದೇ ಸಾಕು. ಪೆನ್‌ಡ್ರೈವ್ ಬ್ಯಾಕಪ್ ಅಲ್ಲ. ವರ್ಷಕ್ಕೊಮ್ಮೆ ಫ್ಲ್ಯಾಕ್ ಫೈಲುಗಳನ್ನು ಅವುಗಳ ಎಂಡಿ5 ಮೊತ್ತದೊಂದಿಗೆ ಪರೀಕ್ಷಿಸಿ, ಕೆಟ್ಟದ್ದು ಸಿಕ್ಕರೆ ಇನ್ನೊಂದು ಪ್ರತಿಯಿಂದ ತುಂಬಿಸಿರಿ.

ಕಾರಿನ ಪ್ಲೇಯರಿನಲ್ಲಿ ಕನ್ನಡ ಹೆಸರುಗಳು ಚೌಕಗಳಾಗಿ ಕಾಣುತ್ತವೆ.

ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಮೂಲ ಸಂಗ್ರಹವನ್ನು ಅದಕ್ಕಾಗಿ ಇಂಗ್ಲಿಷ್‌ಗೆ ಬದಲಾಯಿಸಬೇಡಿರಿ. ಬೇಕಾದ ಹಾಡುಗಳ ಎಂಪಿ3 ಪ್ರತಿ ಮಾಡಿ, ಆ ಪ್ರತಿಯಲ್ಲಿ ಮಾತ್ರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎಫ್‌ಎಟಿ32 ನಮೂನೆಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಕ್ರಮವಾಗಿ ನಕಲಿಸಿರಿ. ಹಲವು ಪ್ಲೇಯರ್‌ಗಳು ನಕಲಿಸಿದ ಕ್ರಮದಲ್ಲಿಯೇ ಹಾಡುತ್ತವೆ.

ಸಂಗ್ರಹವನ್ನು ಇತರರಿಗೆ ಕೊಡಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆ ಖಾಸಗಿ ಬಳಕೆಗಾಗಿ ನ್ಯಾಯಯುತ ಉಪಯೋಗವನ್ನು ಒಪ್ಪುತ್ತದೆ. ಯೂಟ್ಯೂಬ್‌ಗೆ ಹಾಕುವುದು, ಪೆನ್‌ಡ್ರೈವ್‌ನಲ್ಲಿ ತುಂಬಿ ಮಾರುವುದು ಅದರಲ್ಲಿ ಬರುವುದಿಲ್ಲ. ಪ್ರಕಟಿತ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ, ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕುಗಳ ಲೆಕ್ಕ ಬೇರೆ. ಭಜನಾ ಮೇಳದವರ ಹಾಡನ್ನು ನೀವೇ ಮುದ್ರಿಸಿಕೊಂಡಿದ್ದರೂ ಹೊರಗೆ ಕೊಡುವ ಮೊದಲು ಅವರನ್ನು ಕೇಳಬೇಕು.

ಸಾವಿರಾರು ಫೈಲುಗಳಿವೆ, ನೂರಾರು ಕ್ಯಾಸೆಟ್‌ಗಳಿವೆ. ಎಲ್ಲಿಂದ ಆರಂಭಿಸಬೇಕು?

ಮೊದಲು ಇದ್ದದ್ದನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲಿಸಿರಿ. ಅನಂತರ ಸಿನಿಮಾ ಹಾಡುಗಳನ್ನೂ ಹೆಸರಾಂತ ಆಲ್ಬಮ್‌ಗಳನ್ನೂ ಬದಿಗಿಡಿರಿ. ಅವು ಬೇರೆ ಕಡೆಯೂ ಸಿಗುತ್ತವೆ, ಅವುಗಳ ವಿವರವೂ ಸಿಗುತ್ತದೆ. ನಿಮ್ಮ ಮನೆಯಲ್ಲಿ ಮಾತ್ರ ಇರುವುದನ್ನು, ಅಂದರೆ ಊರಿನ ಭಜನೆ, ರಿವಾಯತ್ ಪದ, ಮದುವೆ ಮನೆಯ ಸೋಬಾನೆ, ಖಾಸಗಿ ಬೈಠಕ್‌ಗಳ ಕ್ಯಾಸೆಟ್‌ಗಳನ್ನು ಮುಂದಕ್ಕೆ ತರಬೇಕು. ಅವುಗಳಲ್ಲಿಯೂ ಟೇಪಿನ ಸ್ಥಿತಿಗಿಂತ ವಿವರದ ಸ್ಥಿತಿಯನ್ನು ನೋಡಿ ಸರದಿ ನಿಗದಿಪಡಿಸಿರಿ: ಯಾವ ಕ್ಯಾಸೆಟ್ಟಿನ ಮೇಲೆ ಏನೂ ಬರೆದಿಲ್ಲವೋ, ಯಾವ ದನಿ ಯಾರದೆಂದು ಹೇಳಬಲ್ಲವರು ಈಗ ಒಬ್ಬಿಬ್ಬರೇ ಉಳಿದಿದ್ದಾರೋ, ಅದನ್ನು ಈ ವಾರವೇ ಅವರ ಮುಂದೆ ಹಚ್ಚಿ, ಹಾಡಿದವರು, ತಾಳ ಹಾಕಿದವರು, ಊರು, ಸಂದರ್ಭಗಳನ್ನು ಅವರು ಹೇಳಿದಂತೆ ಬರೆದುಕೊಳ್ಳಿರಿ, ಅವರು ಹೇಳಿದ ಮಾತನ್ನೇ ಮೊಬೈಲಿನಲ್ಲಿ ಮುದ್ರಿಸಿ ಅದೇ ಫೋಲ್ಡರ್‌ನಲ್ಲಿ ಇಡಿರಿ. ಕತ್ತರಿಸುವುದು, ಹೊದಿಕೆ ಚಿತ್ರ ಅಂಟಿಸುವುದು, ಪ್ರಕಾರ ತುಂಬುವುದು ಇವೆಲ್ಲ ಮಳೆಗಾಲಕ್ಕೆ ಆಗುತ್ತವೆ.